ನಲವತ್ತು ಪರ್ಸೆಂಟ್

“ಮೂವತ್ತು ಪರ್ಸೆಂಟ್ ಅಂದ್ರೆ ಬರುತ್ತೆ ಅಂತಲೋ, ಬರಲ್ಲ ಅಂತಲೋ? ಮೊದಲು ಅದನ್ನ ಹೇಳ್ರೀ!”

ಬಂದವನು ಸುಟ್ಟು ಕರಕಲಾದ ತಾಮ್ರದ ತುಂಡೊಂದನ್ನು ಅವಳ ಮೇಜಿನ ಮೇಲೆ ಕುಕ್ಕಿದ. ವಿದ್ಯುತ್ ಜಾಲದ ಕಂಟ್ರೋಲ್ ರೂಮಿನ ಇಂಜಿನಿಯರ್. ಹಿಂದಿನ ದಿನದ ಸೌರ ಬಿರುಗಾಳಿಗೆ ಅವನ ಟ್ರಾನ್ಸ್‌ಫಾರ್ಮರ್ ಒಂದು ಬೆಂದುಹೋಗಿತ್ತು.

ಸೂರ್ಯನ ಕಲೆಗಳನ್ನು ನೋಡಿ ಅಂಥ ಬಿರುಗಾಳಿಯ ಮುನ್ಸೂಚನೆ ಬರೆಯುವುದು ಅವಳ ಕೆಲಸ. ಎಂಟು ವರ್ಷದಿಂದ ಅದೇ ಕುರ್ಚಿ, ಅದೇ ನಾಲ್ಕು ಪರದೆ.

“ಮೂವತ್ತು ಅಂದ್ರೆ ಮೂವತ್ತು.”

“ನಮ್ಮಲ್ಲಿ ಐವತ್ತರ ಕೆಳಗಿದ್ರೆ ಇಲ್ಲ ಅಂತಲೇ ಲೆಕ್ಕ!”

“ಅದನ್ನ ಸೂರ್ಯನಿಗೆ ಹೇಳಿ. ಕಿಟಕಿ ಆಚೆನೇ ಇದಾನೆ.”

ಅವನಿಗೆ ನಗು ಬಂದುಬಿಟ್ಟಿತು! ಜಗಳಕ್ಕೆ ಬಂದವನು ನಕ್ಕರೆ ಮುಂದಿನದನ್ನು ಊಹಿಸಲು ಉಪಗ್ರಹ ಬೇಕಿಲ್ಲ.

ಆರು ತಿಂಗಳು ಕಚೇರಿಯೆದುರಿನ ಕಲ್ಲುಬೆಂಚು, ಎರಡು ಲೋಟ ಚಹಾ. ತಾಮ್ರದ ತುಂಡು ಅವಳ ಕಾಗದಗಳು ಹಾರದಂತೆ ಕಾವಲು ಕೂತಿತು.

ಒಂದು ಸಂಜೆ ಅವನೆಂದ, “ಅಮ್ಮನಿಗೆ ತುಂಬಾ ಹುಷಾರಿಲ್ಲ. ದಿನಾ ನಿಮ್ಮನ್ನೇ ಕೇಳ್ತಾರೆ. ನನ್ನ ಮದುವೆ ಆಗ್ತೀರಾ?”

‘ಹೂಂ ಅನ್ನು... ಹೂಂ ಅನ್ನೇ!’ ಎಂದಿತು ಮನಸ್ಸು.

ಆದರೆ ಖಚಿತವಾಗಿ ಏನನ್ನೂ ಹೇಳದಿರುವುದನ್ನೇ ಎಂಟು ವರ್ಷ ಕಲಿತ ನಾಲಿಗೆ ಅದು.

“ನಲವತ್ತು ಪರ್ಸೆಂಟ್,” ಎಂದಳು, ನಾಚಿ ಕೆಂಪಾಗಿ.

ಎಂಥ ಭಾರೀ ಬಿರುಗಾಳಿಗೂ ಅವಳು ಮೂವತ್ತೈದು ದಾಟಿಸಿದವಳಲ್ಲ. ಅವಳ ಮಟ್ಟಿಗೆ ನಲವತ್ತೆಂದರೆ ಎದೆಯ ಬಾಗಿಲನ್ನೇ ಕಿತ್ತು ತೆಗೆದಿಟ್ಟಂತೆ. ಅವನ ಮಟ್ಟಿಗೆ ಅದು ಐವತ್ತರ ಕೆಳಗೆ. ಪ್ರೀತಿಸುವವರು ಒಬ್ಬರ ಮಾತನ್ನೊಬ್ಬರು ಗಮನವಿಟ್ಟು ಕೇಳುತ್ತಾರೆ ಎನ್ನುವುದು ನಮ್ಮಂಥ ಕಥೆಗಾರರು ಹಬ್ಬಿಸಿದ ಸುದ್ದಿ.

“ಪರವಾಗಿಲ್ಲ ಬಿಡಿ,” ಎಂದು ಅವನು ಎದ್ದು ಹೋದ. ಅಮ್ಮನಿಗೆ ಸುದ್ದಿ ಹೇಳಲು ಓಡಿದನೆಂದುಕೊಂಡು ಅವಳು ಒಬ್ಬಳೇ ನಗುತ್ತಾ ಕೂತಳು.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಎರಡು ವಾರಕ್ಕೆ ಅಮ್ಮ ತೀರಿಕೊಂಡ ಸುದ್ದಿ ಬಂತು. ಅವಳು ಹೋಗಿ ಬಾಗಿಲಲ್ಲಿ ನಿಂತರೆ, ಗುರುತಿಲ್ಲದವರಿಗೆ ಮಾಡುವಂತೆ ಕೈಮುಗಿದ.

“ಅವನೇ ಕೇಳಿ ಅವನೇ ಕೈಕೊಟ್ನಾ? ನೀನೇನಂದೆ, ಸರಿಯಾಗಿ ಹೇಳು,” ಎಂದಳು ಅವಳ ಅಕ್ಕ.

“ನಲವತ್ತು ಪರ್ಸೆಂಟ್ ಅಂದೆ.”

“ಅಯ್ಯೋ ಮಂಕೇ! ಮನುಷ್ಯರ ಭಾಷೇಲಿ ಅದಕ್ಕೆ ಇಲ್ಲ ಅಂತಾರೆ ಕಣೇ!”

ಆಗ ಅವಳಿಗೆ ಅರ್ಥವಾಯಿತು. ಫೋನ್ ಕೈಗೆತ್ತಿಕೊಂಡಳು... ಕೆಳಗಿಟ್ಟಳು. ‘ನಾನು ಹೂಂ ಅಂದಿದ್ದೆ, ನಿಮ್ಮಮ್ಮ ಸುಮ್ಮಸುಮ್ಮನೆ ನಿರಾಸೆ ಹೊತ್ತು ಹೋದರು’ ಎಂದು ಮಗನಿಗೆ ಹೇಳುವುದು ಹೇಗೆ?

ಹದಿನಾಲ್ಕು ತಿಂಗಳು ಅವಳು ಬಾಯಿ ಬಿಡಲಿಲ್ಲ. ಆ ಬೆಂಚಿನ ಕಡೆ ತಿರುಗದೆ ಗೇಟು ದಾಟುವುದನ್ನು ಕಲಿತಳು.

ಒಂದು ಮಧ್ಯಾಹ್ನ ಭೂಮಿಗೆ ನೇರ ಎದುರಿದ್ದ ಕಲೆಗಳ ಗುಂಪೊಂದು ಸಿಡಿಯಿತು. ಅವಳು ಮೊದಲ ಬಾರಿಗೆ ಬುಲೆಟಿನ್‌ನಲ್ಲಿ ನಲವತ್ತು ಎಂದು ಬರೆದಳು.

ಒಂದು ಗಂಟೆ ಕಳೆದ ಮೇಲೆ ಫೋನ್ ಬಂತು.

“ಟ್ರಾನ್ಸ್‌ಫಾರ್ಮರ್ ಸುಡದಿರಲಿ ಅಂತ ಲೈನಿನ ಲೋಡ್ ಇಳಿಸ್ತಾ ಇದೀವಿ.” ಅವನದೇ ದನಿ!

“ಐವತ್ತರ ಕೆಳಗೆ ಇದೆಯಲ್ಲ...”

“ನಲವತ್ತು ಅಂತ ನೋಡಿ ಎದೆ ಧಸಕ್ಕಂತು. ನಿಮ್ಮ ಹಳೇ ಬುಲೆಟಿನ್ ಎಲ್ಲ ತೆಗೆದು ನೋಡ್ದೆ. ಒಂದರಲ್ಲೂ ನೀವು ಮೂವತ್ತೈದು ದಾಟಿಲ್ಲ. ಆವತ್ತು ಬೆಂಚಿನ ಮೇಲೆ ಅಂದಿದ್ದು... ಹೂಂ ಅಂತಾನಾ?”

“ಹೂಂ ಅಂತಲೇ.”

“ಅವಳು ಒಪ್ಪಲಿಲ್ಲ ಅಂತ ಅಮ್ಮನಿಗೆ ಹೇಳ್ಬಿಟ್ಟೆ. ಆಮೇಲೆ ಅವರು ನಿಮ್ಮ ಮಾತೇ ಎತ್ತಲಿಲ್ಲ. ಯಾಕ್ರೀ ಒಂದು ಮಾತು ಹೇಳ್ಲಿಲ್ಲ?”

“ಅವರು ಹೋದ್ಮೇಲೆ ಹೇಳಿ ಏನು ಮಾಡ್ಲಿ? ಇರೋ ದುಃಖದ ಮೇಲೆ ಇನ್ನೊಂದು ಹೇರಲಾ?”

ಇಬ್ಬರೂ ರಿಸೀವರನ್ನು ಬಾಯಿಂದ ದೂರ ಹಿಡಿದು ಅತ್ತರು, ಮತ್ತೊಬ್ಬರಿಗೆ ಕೇಳದಿರಲೆಂದು. ಇಬ್ಬರಿಗೂ ಕೇಳಿತು.

“ಈಗ ಎಷ್ಟು ಪರ್ಸೆಂಟ್?”

“ಬರೋದಕ್ಕೆ ಮಾತ್ರ ಪರ್ಸೆಂಟ್. ಬಂದಿರೋದಕ್ಕೆ ಇಲ್ಲ.”

“ಹಾಗಾದ್ರೆ ಏನಂತ ಬರ್ಕೊಳ್ಳಲಿ?”

“ಬಂದಿದೆ ಅಂತ.”

“ನಮ್ಮಲ್ಲಿ ಸಮಯಾನೂ ಹಾಕ್ಬೇಕು. ಯಾವಾಗ ಬಂತು?”

ಅವಳು ತಾಮ್ರದ ತುಂಡನ್ನು ಮುಷ್ಟಿಯಲ್ಲಿ ಹಿಡಿದಳು.

“ನೀವು ಇದನ್ನ ತಂದು ನನ್ನ ಮೇಜಿನ ಮೇಲೆ ಕುಕ್ಕಿದ್ರಲ್ಲ, ಈ ತಾಮ್ರದ ತುಂಡು... ಆಗಲೇ.”

“ಮತ್ತೆ ಆವತ್ತು ಬರೀ ನಲವತ್ತು ಅಂದ್ರಲ್ಲ!”

“ಅದಕ್ಕಿಂತ ಹೆಚ್ಚು ಹೇಳಿ ಅಭ್ಯಾಸ ಇರಲಿಲ್ಲ ರೀ...”