ಇಪ್ಪತ್ತೆರಡು ನಿಮಿಷದ ಪ್ರತಿ

೨೦೨೪ರ ಮಾರ್ಚ್ ಹತ್ತು, ಭಾನುವಾರ ಮಧ್ಯಾಹ್ನ. ಸಾಲಗುಂದದ ಗದ್ದೆಮ್ಮನ ಟೀವಿ ರೆಕಾರ್ಡರಿನಲ್ಲಿ ಉಳಿದಿದ್ದ ಒಂದೇ ಕಾರ್ಯಕ್ರಮವನ್ನು ನನ್ನ ಕಂಪ್ಯೂಟರಿಗೆ ಇಳಿಸಿದೆ. ಅವಧಿ ಇಪ್ಪತ್ತೆರಡು ನಿಮಿಷ. ಎಂಟು ವರ್ಷಗಳ ಹಿಂದೆ ಆಕೆಯ ಗಂಡ ರೈತರ ನೇರಪ್ರಸಾರಕ್ಕೆ ಮನೆಯಿಂದ ಫೋನ್ ಮಾಡಿದ್ದ. ಅದೇ ವಾರ ತೀರಿಕೊಂಡ.

“ಅವರ ದನಿ ಇದೊಂದರಾಗ ಉಳದೈತ್ರಿ ಮಾಸ್ತರ,” ಎಂದಳು.

ಟೀವಿಯ ಸದ್ದು ತಗ್ಗಿಸಿರೆಂದು ನಿರೂಪಕಿ ಕೇಳಿದಾಗ ಅವನು ಹೆಂಡತಿಯನ್ನು ಮೂರು ಸಲ ಕೂಗುತ್ತಾನೆ: “ಗದ್ದೆಮ್ಮಾ, ಸೌಂಡ್ ಕಮ್ಮಿ ಮಾಡಬೇ!” ಆಕೆ ಅಂದು ಹಿತ್ತಲಲ್ಲಿದ್ದಳು, ಓಗೊಟ್ಟಿರಲಿಲ್ಲ.

ಪ್ರತಿಯನ್ನು ಪರೀಕ್ಷಿಸಿದೆ. ಕೂಗು ನಾಲ್ಕಿದ್ದವು. ನಾಲ್ಕನೆಯದರಲ್ಲಿ ಫೋನಿನ ಗರಗರ ಇರಲಿಲ್ಲ. ಮತ್ತೆ ಹಾಕಿದೆ, ಐದು. ಅವಧಿ ಮಾತ್ರ ಅದೇ ಇಪ್ಪತ್ತೆರಡು ನಿಮಿಷ. ಒಂದು ತಾಸು ನಡೆದಿದ್ದ ರೆಕಾರ್ಡರು ಮುಟ್ಟಿದರೆ ಮಣ್ಣಿನ ಕೊಡದಂತೆ ತಣ್ಣಗಿತ್ತು.

“ಓ ಅನಬ್ಯಾಡವ್ವ,” ಎಂದೆ.

“ದೆವ್ವ ಮೂರಕ್ಕಿಂತ ಹೆಚ್ಚು ಕೂಗಂಗಿಲ್ರಿ. ಇವರು ನಮ್ಮ ಮನಿಯವರೇ ಅದಾರ.” ಪರದೆಯತ್ತ ತಿರುಗಿ ಗದ್ದೆಮ್ಮ ಉತ್ತರಿಸಿದಳು: “ಓ! ಮಾಡ್ತೀನಿ, ತಡೀರಿ.”

ಸದ್ದು ಮೆಲ್ಲಗೆ ತಗ್ಗುತ್ತ ನಿಂತುಹೋಯಿತು. ನನ್ನೆರಡೂ ಕೈಗಳು ತೊಡೆಯ ಮೇಲಿದ್ದವು; ಆಕೆಯೂ ಏನನ್ನೂ ಮುಟ್ಟಿರಲಿಲ್ಲ.

ಈಗ ರೆಕಾರ್ಡರಿನಲ್ಲೂ ಪ್ರತಿಯಲ್ಲೂ ಚಿತ್ರವಿದೆ, ದನಿಯಿಲ್ಲ. ಎಂಟು ವರ್ಷದಿಂದ ಬಾಕಿಯಿದ್ದ ಉತ್ತರ ಸಂದಾಯವಾಗಿದೆ.