ಕರ್ತೃವಿಲ್ಲದ ಮೂರು ಸಾಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಿದ್ಧ ಉಡುಪಿನ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಗೇಟಿನ ಪಕ್ಕದ ಸೂಚನಾ ಫಲಕವನ್ನು ಯಾರೋ ಕೆಂಪು ಬಣ್ಣ ಬಳಿದು ಕೆಡಿಸಿದ್ದಾರೆ. ಗುರುವಾರ ಹೊರದೇಶದ ಗಿರಾಕಿಗಳು ಬರುವವರಿದ್ದಾರೆ. ಅಷ್ಟರೊಳಗೆ ಆರೋಪಿ ಸಿಗಬೇಕು.

ಈ ಠಾಣೆಗೆ ವರ್ಗವಾಗಿ ಬಂದು ಇನ್ನೂ ಎರಡು ವಾರ ತುಂಬದ ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಎಲ್ಲರೂ ‘ಮೀಸೆ’ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್‌ನನ್ನೂ ಒಬ್ಬ ಮಹಿಳಾ ಪೇದೆಯನ್ನೂ ಕರೆದುಕೊಂಡು ಸ್ಥಳಕ್ಕೆ ಹೊರಟರು.

ಫಲಕದಲ್ಲಿ ಇಂಗ್ಲಿಷಿನ ಮೂರು ಸಾಲಿದ್ದವು. ‘ದ ಡೋರ್ ವಾಸ್ ಲಾಕ್ಡ್. ಎ ವರ್ಕರ್ ವಾಸ್ ಇಂಜರ್ಡ್. ರಿಗ್ರೆಟ್ ಈಸ್ ಎಕ್ಸ್‌ಪ್ರೆಸ್ಡ್.’ ಬಾಗಿಲಿಗೆ ಬೀಗ ಹಾಕಲಾಗಿತ್ತು, ಕಾರ್ಮಿಕಳೊಬ್ಬಳಿಗೆ ಗಾಯವಾಗಿದೆ, ವಿಷಾದ ವ್ಯಕ್ತಪಡಿಸಲಾಗಿದೆ. ಪ್ರತಿ ಸಾಲಿನ ಕೆಳಗೂ ಅಂಗೈಯಗಲದ ಕೆಂಪಕ್ಷರದಲ್ಲಿ ಒಂದೇ ಪ್ರಶ್ನೆ: ‘ಬೈ ಹೂಮ್?’ ಯಾರಿಂದ?

ಹಿಂದಿನ ತಿಂಗಳು ಮೂರನೇ ಮಹಡಿಗೆ ಬೆಂಕಿ ಬಿದ್ದಾಗ ಹಿಂಬದಿ ಮೆಟ್ಟಿಲಿನ ಬಾಗಿಲು ತೆರೆಯದೆ, ಗುಂಡಿಗೆ ಕಾಜಾ ಹೊಲಿಯುವ ಹೆಂಗಸೊಬ್ಬಳು ಕಿಟಕಿಯಿಂದ ಹಾರಿ ಸೊಂಟ ಮುರಿದುಕೊಂಡಿದ್ದಳು. ಆಕಸ್ಮಿಕವೆಂದು ಹಿಂದಿನ ಅಧಿಕಾರಿ ಕಡತ ಮುಚ್ಚಿದ್ದರು.

ಪಂಚನಾಮೆ ನಡೆಯಿತು. ಅಕ್ಷರಗಳು ಎಲ್ಲೂ ಇಳಿಯದೆ ದಾರ ಹಿಡಿದಂತೆ ನೇರವಾಗಿದ್ದವು.

“ಬೋರ್ಡ್ ಮೇಲೆ ಬರೆದು ಪಳಗಿದ ಕೈ ಸಾರ್,” ಎಂದ ಮೀಸೆ.

ಒಳಗೆ ಹೊಲಿಗೆ ಯಂತ್ರಗಳ ಸಾಲಿನಲ್ಲಿ ವಿಚಾರಣೆ ಶುರುವಾಯಿತು. “ಯಾರಮ್ಮ ಬರೆದಿದ್ದು?” ಎಂದು ಮೀಸೆ ಕೇಳಿದ.

ಕಾಲರ್ ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಲೂ ಇಲ್ಲ. “ಇಟ್ ವಾಸ್ ರಿಟನ್, ಸಾರ್.”

“ಯಾರು ಅಂತ ಕೇಳ್ದೆ.”

“ಬರೆಯಲಾಗಿದೆ ಸಾರ್. ಬೀಗದ ವಿಷ್ಯ ಕಂಪ್ನಿಯವ್ರು ಹೀಗೇ ಹೇಳಿದ್ರು, ಪೊಲೀಸ್ನೋರು ಒಪ್ಕೊಂಡ್ರು. ನಮ್ದನ್ನೂ ಒಪ್ಕೊಳ್ಳಿ.”

ಸಾಲಿಗೆ ಸಾಲೇ ಇದೇ ಉತ್ತರ ಕೊಟ್ಟಿತು. ಮೀಸೆ ಹಲ್ಲು ಕಡಿದ. ಇನ್ಸ್‌ಪೆಕ್ಟರರಿಗೆ ಮಾತ್ರ ನಗು ತಡೆಯುವುದೇ ಕಷ್ಟವಾಯಿತು. “ಇವ್ರಿಗೆ ಇಷ್ಟು ಚೆನ್ನಾಗಿ ಇಂಗ್ಲಿಷ್ ಕಲ್ಸಿದ್ದು ಯಾರ್ರೀ?”

“ನಾವೇ ಸಾರ್,” ಎಂದರು ಮ್ಯಾನೇಜರ್ ಹೆಮ್ಮೆಯಿಂದ. “ಗಿರಾಕಿಗಳು ಮಾತಾಡಿಸಿದ್ರೆ ಉತ್ತರ ಕೊಡ್ಲಿ ಅಂತ ಟೀಚರನ್ನ ಇಟ್ಟಿದೀವಿ.”

ಪಾಳಿ ಬಿಟ್ಟ ಮೇಲೆ ಕ್ಯಾಂಟೀನಿನಲ್ಲಿ ತರಗತಿ. ಇನ್ಸ್‌ಪೆಕ್ಟರ್ ಹಿಂದಿನ ಬೆಂಚಿನಲ್ಲಿ ಕೂತರು; ಮ್ಯಾನೇಜರ್ ಬಾಗಿಲಲ್ಲಿ ನಿಂತರು. ಐವತ್ತು ದಾಟಿದ ಟೀಚರ್ ಯಾರನ್ನೂ ಲೆಕ್ಕಿಸದೆ ಪಾಠ ಮುಂದುವರಿಸಿದರು.

“ಕರ್ತರಿ ಪ್ರಯೋಗದಲ್ಲಿ ಮಾಡಿದವನು ಮುಂದೆ ನಿಲ್ತಾನೆ. ಪ್ಯಾಸಿವ್ ವಾಯ್ಸಲ್ಲಿ, ಅಂದ್ರೆ ಕರ್ಮಣಿಯಲ್ಲಿ, ಏಟು ತಿಂದವ್ರು ಮುಂದೆ ಬರ್ತಾರೆ. ಮಾಡಿದವನು ‘ಬೈ’ ಹಿಡ್ಕೊಂಡು ಹಿಂದೆ ಹೋಗ್ತಾನೆ. ‘ಮೈ ಪರ್ಸ್ ವಾಸ್ ಸ್ಟೋಲನ್.’ ಕಳ್ಳ ಯಾರೋ ಗೊತ್ತಿಲ್ಲ, ಅವನನ್ನ ಬಿಟ್ರೂ ತಪ್ಪಿಲ್ಲ. ಗೊತ್ತಿದ್ದೂ ಬಿಟ್ರೆ ಅದು ವ್ಯಾಕರಣ ಅಲ್ಲ, ಕಳ್ಳಾಟ.”

ಇನ್ಸ್‌ಪೆಕ್ಟರ್ ಎದ್ದುನಿಂತರು. “ಟೀಚರ್, ಫಲಕದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದು ಯಾರು?”

“ಇಟ್ ವಾಸ್...” ಎಂದು ಇಡೀ ತರಗತಿ ಒಕ್ಕೊರಲಿನಿಂದ ಶುರುಮಾಡಿತು. ಟೀಚರ್ ಕೈಯೆತ್ತಿ ಸುಮ್ಮನಾಗಿಸಿದರು.

“ನಾನು ಬರೆದೆ. ನನ್ನ ಕೈಯಾರೆ. ಅಳಿಸಿದ್ರೆ ಮತ್ತೆ ಬರೀತೀನಿ.”

“ಕೇಳಿದ್ರಲ್ಲ! ಅರೆಸ್ಟ್ ಮಾಡಿ!” ಎಂದರು ಮ್ಯಾನೇಜರ್.

“ತಡೀರಿ, ನಾನಿನ್ನೂ ಮುಗಿಸಿಲ್ಲ. ಆ ಕಪ್ಪಕ್ಷರದ ಮೂರು ಸಾಲೂ ನಂದೇ. ‘ಹೆಂಗಸ್ರು ಕೆಲ್ಸದ ಹೊತ್ತಲ್ಲಿ ಹೊರಗೆ ಹೋಗ್ತಾರೆ ಅಂತ ನಾನೇ ಬೀಗ ಹಾಕಿಸಿದ್ದು, ನನ್ನ ಹೆಸ್ರು ಬರದ ಹಾಗೆ ಚೆಂದಾಗಿ ಬರ್ಕೊಡಿ’ ಅಂತ ಇವ್ರು ಕೇಳಿದ್ರು. ಬರ್ಕೊಟ್ಟೆ.”

ಮ್ಯಾನೇಜರ್ ಮುಖ ಬಿಳುಚಿಕೊಂಡಿತು. “ಅದು... ಹಾಗೆ ಹೇಳಲಾಗಿಲ್ಲ...”

“ಯಾರು ಹೇಳಿಲ್ಲ ಸಾರ್?” ಎಂದರು ಇನ್ಸ್‌ಪೆಕ್ಟರ್.

ಕಾಲರ್ ಹೊಲಿಯುವವಳು ಎದ್ದಳು. “ವಾಚ್‌ಮನ್ ಅಣ್ಣನ್ನೂ ಕೇಳಿ ಸಾರ್. ಬೀಗ ಹಾಕಿಸಿ ಕೀಲಿ ಇಸ್ಕೊಂಡಿದ್ದು ಇವ್ರೇ ಅಂತ ನಮಗೆಲ್ಲ ಹೇಳಿದಾನೆ.” ಕರೆಸಿ ಕೇಳಿದಾಗ ವಾಚ್‌ಮನ್ ತಲೆ ತಗ್ಗಿಸಿಯೇ ಹೌದೆಂದ.

“ಫಲಕದ ಕೇಸಲ್ಲಿ ನಿಮ್ಮನ್ನ ದಸ್ತಗಿರಿ ಮಾಡ್ಬೇಕು ಟೀಚರ್.”

“ಮಾಡಿ. ‘ಮಾಡಲಾಗಿದೆ’ ಅಂತ ಮಾತ್ರ ಬರೀಬೇಡಿ. ಮಾಡಿದವ್ರು ನೀವು, ನಿಮ್ಮ ಹೆಸ್ರು ಹಾಕಿ.”

ಮಹಿಳಾ ಪೇದೆಯ ಜೊತೆ ಅವರು ತಲೆಯೆತ್ತಿಕೊಂಡೇ ಜೀಪಿನವರೆಗೆ ನಡೆದರು. ಅಷ್ಟೂ ಹೆಂಗಸರು ಗೇಟಿನವರೆಗೆ ಹಿಂದೆ ಬಂದರು. ಮೀಸೆ ಯಾರನ್ನೂ ಗದರಿಸಲಿಲ್ಲ.

ಬೆಂಕಿಯ ಕಡತ ಮತ್ತೆ ತೆರೆಯಿತು. ಟೀಚರ್ ಮತ್ತು ವಾಚ್‌ಮನ್ ಹೇಳಿಕೆಯ ಮೇಲೆ ಹೊಸ ಎಫ್‌ಐಆರ್ ಬಿತ್ತು. ರಾತ್ರಿ ಎಂಟಕ್ಕೆ ಇನ್ಸ್‌ಪೆಕ್ಟರ್ ಮ್ಯಾನೇಜರರನ್ನೂ ಬಂಧಿಸಿದರು. ಟೀಚರಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು.

ಹೊರಡುವ ಮುನ್ನ ಇನ್ಸ್‌ಪೆಕ್ಟರ್ ಕೇಳಿದರು: “ಬರ್ಕೊಟ್ಟು ಸುಮ್ನಿದ್ದವ್ರು ಆಮೇಲೆ ಯಾಕೆ ಬಣ್ಣ ಹಿಡಿದ್ರಿ?”

“ಶನಿವಾರ ಸೊಂಟ ಮುರಿದವಳನ್ನ ನೋಡೋಕೆ ಆಸ್ಪತ್ರೆಗೆ ಹೋಗಿದ್ದೆ. ‘ಬೋರ್ಡಲ್ಲಿ ನನ್ನ ವಿಷ್ಯ ಬರೆದಿದಾರಂತಲ್ಲ, ಏನದು?’ ಅಂದ್ಲು. ‘ಬಾಗಿಲಿಗೆ ಬೀಗ ಹಾಕಲ್ಪಟ್ಟಿತ್ತು’ ಅಂದೆ. ನಗೋಕೆ ಹೋಗಿ ನೋವಿಗೆ ಮುಖ ಕಿವಿಚಿದ್ಲು. ‘ಅದ್ಯಾವ ಭಾಷೆ ಟೀಚರ್? ನಾವು ಮಾತಾಡೋ ಹಾಗೆ ಹೇಳಿ’ ಅಂದ್ಲು. ಹಾಗೆ ಹೇಳ್ಬೇಕಾದ್ರೆ ಬೀಗ ಹಾಕಿಸಿದವನ ಹೆಸ್ರು ಎತ್ತದೆ ದಾರಿನೇ ಇರ್ಲಿಲ್ಲ. ಎತ್ತಿದೆ. ‘ನನ್ನ ಕಿವೀಲಿ ಯಾಕೆ ಹೇಳ್ತೀರಿ, ಹೊರಗೆ ಹೋಗಿ ಹೇಳಿ’ ಅಂದ್ಲು.”