ಸುರಂಗದ ಕಂತು

ಕೈದಿಗಳು ಸುರಂಗದ ಬಾಯಿಗೆ ಬಂದಿದ್ದರು. ಕಾವಲುಗಾರನ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಟಿವಿ ಕಪ್ಪಾಯಿತು!

"ಅಮ್ಮಾ, ರಿಪೇರಿಯವರಿಗೆ ಫೋನ್ ಮಾಡು... ಈಗಲೇ," ಎಂದಳು ಮಗಳು, ಹೊಲಿಗೆ ಯಂತ್ರ ಬಿಟ್ಟೇಳುತ್ತ.

ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ಮೇಲೆ ಅವಳು ಹೊಸ್ತಿಲು ದಾಟಿರಲಿಲ್ಲ. ಹಗಲೆಲ್ಲ ಹೊಲಿಗೆ, ಸಂಜೆ ಆ ಜೈಲಿನ ಧಾರಾವಾಹಿ. ಅದರಲ್ಲಿ ಯಾರಾದರೂ ಗೋಡೆ ಕೊರೆದರೆ ಇವಳ ಎದೆ ಹಗುರಾಗುತ್ತಿತ್ತು.

ಬಂದ ಮೆಕ್ಯಾನಿಕ್ ಮಾತು ಕಡಿಮೆಯವನು, ನಗು ಚೆಂದ.

"ಟಿವಿಗೆ ವಯಸ್ಸಾಗಿದೆ. ಆಗಾಗ ಬಂದು ನೋಡ್ಬೇಕಾಗುತ್ತೆ."

ನೋಡಿದ. ಕೆಡದಿದ್ದಾಗಲೂ ಬಂದ. ಅಮ್ಮನಿಗೂ ಹಿಡಿಸಿದ.

ಒಂದು ಸಂಜೆ ಧಾರಾವಾಹಿಯ ಹೊತ್ತಿಗೇ ಬಂದಿದ್ದ. "ಕೂತ್ಕೊಳ್ಳಿ, ಈಗ ತಪ್ಪಿಸ್ಕೋತಾರೆ," ಎಂದಳು. ತೆರೆಯ ಮೇಲೆ ಕಬ್ಬಿಣದ ಬಾಗಿಲು ದಡಾರನೆ ಮುಚ್ಚಿತು. ಅವನ ಮುಖ ಬಿಳುಚಿಕೊಂಡಿತು.

"ಇಂಥದ್ದನ್ನ ಅದ್ಹೇಗೆ ನೋಡ್ತೀರೋ..."

ಎದ್ದು ಹೋದವನು ಮತ್ತೆ ಬರಲಿಲ್ಲ.

'ಮನೇಲಿ ಕೂತು ಸೀರಿಯಲ್ ನೋಡೋ ಹುಚ್ಚಿ ಅಂದ್ಕೊಂಡ...' ದುಃಖ ಸಿಟ್ಟಾಯಿತು. ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ ಅವನ ಅಂಗಡಿಗೆ ನಡೆದಳು.

"ನಾನೇನು ತಪ್ಪು ಮಾಡಿದೆ?"

"ನೀವಲ್ಲ." ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾನು ಜೈಲಲ್ಲಿದ್ದೆ. ವ್ಯಾನ್ ಓಡಿಸ್ತಾ ಕಣ್ಣು ಹತ್ತಿತು... ಒಬ್ಬರ ಜೀವ ಹೋಯ್ತು. ಆ ಬಾಗಿಲಿನ ಸದ್ದಿಗೆ ಈಗಲೂ ಕೈ ತಣ್ಣಗಾಗುತ್ತೆ."

ಅವಳು ಸ್ಟೂಲಿನ ಮೇಲೆ ಕುಸಿದಳು. ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ.

"ಓಡಿಹೋಗ್ಬೇಕು ಅನ್ನಿಸ್ಲಿಲ್ವಾ?"

"ಇಲ್ಲ, ಅದು ನಾನು ಅನುಭವಿಸಬೇಕಾದ್ದೇ. ಹೊರಗೆ ಬಂದು ಯಾರ ಮುಖ ನೋಡಲಿ, ಅದೇ ಭಯ... ಮೊದಲೇ ಹೇಳಿದ್ರೆ ನೀವು ಮನೆಗೆ ಸೇರಿಸ್ತಿರಲಿಲ್ಲ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು."

ಅವಳ ಕಣ್ಣು ತುಂಬಿತು. "ನಾನೂ ಜನರ ಮುಖ ನೋಡೋಕೆ ಹೆದರಿ ಒಳಗೇ ಕೂತಿದ್ದೆ. ಇವತ್ತು ನಿಮಗೋಸ್ಕರ ಹೊರಗೆ ಬಂದೆ."

"ನನಗೋಸ್ಕರಾನಾ?"

"ಇನ್ನೇನು, ಟಿವಿಗೋಸ್ಕರಾನಾ?"

ಇಬ್ಬರೂ ನಕ್ಕರು. ನಗು ನಿಂತಾಗ ಅವನು ಮೆಲ್ಲಗೆ ಕೇಳಿದ:

"ಅಮ್ಮನಿಗೆ ಗೊತ್ತಾದ್ರೆ?"

"ನೀವೇ ಬಂದು ಹೇಳಿ. ಬೈದ್ರೆ ಬೈಸ್ಕೊಳ್ಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಅವನು ಶಟರ್ ಎಳೆದ. ಬಿಸಿಲಲ್ಲೂ ಬೀದಿ ಜನರಿಂದ ತುಂಬಿ ಹರಿಯುತ್ತಿತ್ತು.

"ಭಯ ಆಗ್ತಿದೆ," ಎಂದ.

"ನನಗೂ," ಎಂದು ಅವಳು ಅವನ ಕೈ ಹಿಡಿದಳು.